ಮನಸ್ಸಿನ ಮಾತು ಯಾರ ಅಮಾನತ್ತು?

ಅಥಣಿ, ಕಾಗವಾಡದವರು ಮನಸ್ಸಿನ ಕಾಯಿಲೆಗೆ ಮಿರಜಿಗೆ ಹೋಗುವುದು ಅಲ್ಲಿ ದೊಡ್ಡ ಡಾಕ್ಟರರಿದ್ದಾರೆಂದು ಮಾತ್ರವಲ್ಲ, ಅಲ್ಲಿ ತಮ್ಮ ಗುರುತಿನವರಿಲ್ಲ ಎಂದೂ ಹೌದು. ನಿಪ್ಪಾಣಿಯವರು ಕೊಲ್ಲಾಪುರದ ಬಸ್ಸು ಹತ್ತುವುದರಲ್ಲೂ ಇದೇ ಲೆಕ್ಕವಿರುತ್ತದೆ. ಒಂದು ಗುಟ್ಟು ಉಳಿಸಿಕೊಳ್ಳಲು ರಾಜ್ಯದ ಗಡಿ ದಾಟಬೇಕೆ?

ಕಾನೂನಿಗೇನೂ ಕೊರತೆಯಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ರೋಗಿಯ ಮಾತನ್ನು ಗುಟ್ಟಾಗಿಡುವುದು ಚಿಕಿತ್ಸಕರ ಕರ್ತವ್ಯ ಎನ್ನುತ್ತದೆ. ಒಪ್ಪಿಗೆಯಿಲ್ಲದೆ ಚಿಕಿತ್ಸೆಯಲ್ಲಿರುವವರ ಫೋಟೊ ಮಾಧ್ಯಮಕ್ಕೆ ಕೊಡಕೂಡದು ಎನ್ನುವುದು 24ನೇ ಕಲಂ. ಅದೇ ವರ್ಷ ಆಗಸ್ಟ್ 24ರಂದು, ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ, ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟು ಹೇಳಿತು. 2023ರಲ್ಲಿ ಡಿಜಿಟಲ್ ಮಾಹಿತಿ ರಕ್ಷಣೆಯ ಕಾಯ್ದೆಯೂ ಬಂತು. ಆದರೆ ಅದು ಕಂಪ್ಯೂಟರಿಗೆ ಏರಿದ ಮಾಹಿತಿಗೆ ಮಾತ್ರ. ಮೇಜಿನ ಮೇಲೆ ತೆರೆದೇ ಬಿದ್ದಿರುವ ರಿಜಿಸ್ಟರಿಗಲ್ಲ.

ಚಿಕ್ಕೋಡಿ, ರಾಯಬಾಗದ ಕಡೆ ಗುಟ್ಟು ಸೋರುವುದು ಆ ರಿಜಿಸ್ಟರಿನಿಂದ, ಬಾಗಿಲಿಲ್ಲದ ಕೋಣೆಯಿಂದ. ಎಲ್ಲಕ್ಕಿಂತ ಹೆಚ್ಚಾಗಿ ಭಾಷೆಯಿಂದ. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ನಮ್ಮ ಹೆಣ್ಣುಮಗಳಿಗೆ ಮನೆಮಾತು ದಖ್ಖನಿ, ಬಜಾರಿನ ಮಾತು ಮರಾಠಿ. ಎದುರಿಗೆ ಕೂತ ಸಲಹೆಗಾರರದು ಕನ್ನಡ. ನಡುವೆ ದುಭಾಷಿ ಯಾರು? ಜೊತೆಗೆ ಬಂದ ಭಾವ. ಅವಳು "ದಿಲ್ ಘಬರಾತಾ" ಅನ್ನುತ್ತಾಳೆ, ಅವನು "ಹೊಟ್ಟೆನೋವಂತ್ರೀ" ಅನ್ನುತ್ತಾನೆ. ಅವಳ ದುಃಖ ಆ ಭಾವನ ಕೈಯಿಂದಲೇ ಆಗಿದ್ದರೆ?

ನಮ್ಮ ಕಡೆಯೂ ಬೆರಳು ತಿರುಗಲಿ. ಹೆಣ್ಣು ನೋಡಲು ಬಂದವರಿಗೆ "ಆಕಿ ತಲಿಗೆ ಗುಳಿಗಿ ತಗೋತಾಳ" ಎಂದು ಕಿವಿಯೂದುವವರು ನಮ್ಮ ಓಣಿಯವರೇ. ಪರರ ಗುಟ್ಟು ಕೆದಕಬೇಡಿ ಎಂಬ ಸೂರಾ ಹುಜುರಾತಿನ ತಾಕೀತಿನ ಮೇಲೆ ತಾಸುಗಟ್ಟಲೆ ಬಯಾನ್ ಕೇಳಿ ಬಂದವರೂ ಅವರೇ. ಕಥೆ ಬರೆಯುವ ನಾವೂ ಸಾಚಾ ಅಲ್ಲ. ಹೆಸರು ಬದಲಿಸಿದರೆ ಮುಗಿಯಿತೆಂದು ಎಷ್ಟು ಮನೆಗಳ ಕಣ್ಣೀರನ್ನು ಅಚ್ಚಿಗೆ ಕಳಿಸಿಲ್ಲ? ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು. ಕನ್ನಡ ಕಚೇರಿಗಳಲ್ಲಿ ಅಮಾನತ್ತು ಎಂದರೆ ಕೆಲಸದಿಂದ ದೂರವಿಡುವುದು. ನಾವು ಎರಡನೆಯ ಅರ್ಥವನ್ನೇ ಗಟ್ಟಿ ಮಾಡಿಕೊಂಡಂತಿದೆ.

ಎಲ್ಲ ಮುಚ್ಚಿಟ್ಟರೆ ಅಪಾಯ ತಿಳಿಯುವುದು ಹೇಗೆ ಎಂದು ಕೇಳುವವರಿದ್ದಾರೆ. ಜೀವಕ್ಕೆ ಅಪಾಯವಿದ್ದಾಗ, ಬೇರೆಯವರಿಗೆ ಹಾನಿಯಾಗುವಂತಿದ್ದಾಗ ಬೇಕಾದಷ್ಟನ್ನು ಹೇಳಲು ಕಾಯ್ದೆಯೇ ಅವಕಾಶ ಕೊಟ್ಟಿದೆ. ಬೀಗರ ಕುತೂಹಲ ಆ ಪಟ್ಟಿಯಲ್ಲಿಲ್ಲ.

2022ರ ಅಕ್ಟೋಬರಿನಿಂದ ಟೆಲಿ-ಮಾನಸ್ ಇದೆ, 14416ಕ್ಕೆ ಪುಕ್ಕಟೆ ಮಾತಾಡಬಹುದು. ಒಳ್ಳೆಯದೇ. ಆದರೆ ಒಂದೇ ಕೋಣೆಯ ಮನೆಯಲ್ಲಿ, ಅತ್ತೆಯ ಎದುರಿಗೆ ಕೂತು ಅವಳು ಏನು ಮಾತಾಡಿಯಾಳು?

ನಾವು ಕೇಳುವುದು ದುಬಾರಿಯದ್ದಲ್ಲ. ಕೋಣೆಗೆ ಬಾಗಿಲು, ರಿಜಿಸ್ಟರಿಗೆ ಬೀಗದ ಕಪಾಟು, ದಖ್ಖನಿ, ಮರಾಠಿ ಬಲ್ಲ, ಬಳಗದವಳಲ್ಲದ ಒಬ್ಬ ಹೆಂಗಸು. ಇನ್ನು ಶಿಬಿರ ನಡೆಸುವ ನಮ್ಮ ಕಮಿಟಿಗಳು ರೋಗಿಗಳ ಕೈಗೆ ಬಾಳೆಹಣ್ಣಿಟ್ಟು ಫೋಟೊ ತೆಗೆದು ವಾಟ್ಸಾಪಿನಲ್ಲಿ ಹಂಚುವುದನ್ನು ಬಿಟ್ಟು, ಬ್ಯಾನರಿನ ಆ ದುಡ್ಡಿನಲ್ಲಿ ಒಂದು ಪರದೆಯನ್ನಾದರೂ ಕಟ್ಟಿಸಲಿ.