ಧಗೆಯ ಮುಚ್ಚಳ

ವಾಯುಭಾರ ಕುಸಿದರೆ ಮಳೆ ಬರುವುದೆಂದು ನಮ್ಮ ವಾಚಕರೆಲ್ಲ ಬಲ್ಲರು. ವಾಯುಭಾರ ಏರಿ ಒಂದೇ ಕಡೆ ನಿಂತರೆ ಏನಾಗುವುದೆಂಬುದು ಅಷ್ಟು ತಿಳಿದ ಸಂಗತಿಯಲ್ಲ. ಧಗೆ ಜನರನ್ನು ಕೊಲ್ಲುವುದು ಆಗಲೇ.

ಅಧಿಕ ಒತ್ತಡವಿರುವಲ್ಲಿ ಮೇಲಿನ ಗಾಳಿ ಕೆಳಕ್ಕಿಳಿಯುತ್ತದೆ. ಇಳಿದಂತೆಲ್ಲ ಅದುಮಿಕೊಂಡು ಕಾಯುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪು ಬಿಸಿಯಾಗುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಣಗಾಳಿ ಒಂದು ಕಿಲೋಮೀಟರು ಇಳಿದರೆ ಅದರ ಉಷ್ಣತೆ ಸುಮಾರು 10 ಡಿಗ್ರಿ ಏರುತ್ತದೆ. ಇಳಿಯುವ ಗಾಳಿಯಲ್ಲಿ ಮೋಡ ಕಟ್ಟದು, ಬಿಸಿಲಿಗೆ ಅಡ್ಡಿಯಿಲ್ಲ. ನೆಲದ ತೇವ ಆರಿದ ಮೇಲೆ ಬಿಸಿಲಿನ ಕಾವೆಲ್ಲ ನೆಲವನ್ನೂ ಗಾಳಿಯನ್ನೂ ಕಾಯಿಸುವುದಕ್ಕೇ ಸಲ್ಲುತ್ತದೆ. ಕಾದ ಗಾಳಿ ಮೇಲೇರಹೋದರೆ ಇಳಿಯುವ ಗಾಳಿ ಪಾತ್ರೆಯ ಮುಚ್ಚಳದಂತೆ ತಡೆಯುತ್ತದೆ.

2021ರ ಜೂನ್ ಕೊನೆಯಲ್ಲಿ ಕೆನಡಾದ ಪಶ್ಚಿಮ ಭಾಗದ ಮೇಲೆ ಇಂಥ ಮುಚ್ಚಳ ಬಿದ್ದಿತು. ಜೂನ್ 29ರಂದು ಲಿಟ್ಟನ್ ಎಂಬ ಹಳ್ಳಿಯಲ್ಲಿ 49.6 ಡಿಗ್ರಿ! ಅದಕ್ಕೆ ಮುಂಚೆ ಆ ಚಳಿದೇಶದ ದಾಖಲೆ 1937ರ 45 ಡಿಗ್ರಿ. ಮರುದಿನ ಹಳ್ಳಿಯ ಬಹುಭಾಗ ಬೆಂಕಿಗೆ ಆಹುತಿಯಾಯಿತು. ಬ್ರಿಟಿಷ್ ಕೊಲಂಬಿಯಾ ಪ್ರಾಂತವೊಂದರಲ್ಲೇ ಧಗೆಗೆ 619 ಮಂದಿ ಬಲಿಯಾದರು. ಸತ್ತವರು ಯಾರು? ಬಹುಮಂದಿ ಮುದುಕರು, ಅರ್ಧಕ್ಕಿಂತ ಹೆಚ್ಚು ಮಂದಿ ಒಂಟಿಯಾಗಿ ಬದುಕುತ್ತಿದ್ದವರು. ನೂರಕ್ಕೆ 98 ಮಂದಿ ಸತ್ತದ್ದು ಬೀದಿಯ ಬಿಸಿಲಿನಲ್ಲಲ್ಲ, ಸೂರಿನ ಕೆಳಗೆ. ಆಕಾಶದ ಒತ್ತಡ ಎಲ್ಲರ ಮೇಲೂ ಒಂದೇ; ತಲೆಯ ಮೇಲಿನ ಸೂರು ಎಲ್ಲರದೂ ಒಂದೇ ಅಲ್ಲ.

ಇದು ದೈವದ ಮುನಿಸು, ಯಾರೇನು ಮಾಡಿಯಾರು ಎನ್ನುವವರಿದ್ದಾರೆ. ಅವರು ಅಹಮದಾಬಾದಿನತ್ತ ನೋಡಲಿ. ಗಿರಣಿಗಳಿಗೆ ಹೆಸರಾದ ಆ ನಗರದಲ್ಲಿ 2010ರ ಮೇ ತಿಂಗಳು ಉಷ್ಣಮಾನ 46.8 ಡಿಗ್ರಿ ಮುಟ್ಟಿತು. ವಾಡಿಕೆಗಿಂತ 1,344 ಸಾವು ಹೆಚ್ಚಾದುವು. 2013ರಲ್ಲಿ ನಗರಪಾಲಿಕೆ ಒಂದು ಯೋಜನೆ ಹಾಕಿತು: ಮುಂಚಿತ ಎಚ್ಚರಿಕೆ, ಕುಡಿಯುವ ನೀರು, ಆಸ್ಪತ್ರೆಯ ಸಿಬ್ಬಂದಿಗೆ ತರಬೇತಿ. ಆ ಬಳಿಕ ಸಾವು ತಗ್ಗಿದುದನ್ನು ಅಧ್ಯಯನ ತೋರಿಸಿತು.

ಇಂಥ ಒತ್ತಡ ಕಟ್ಟುವುದನ್ನು ಹವಾಮಾನ ಶಾಸ್ತ್ರಜ್ಞರು ಕೆಲವು ದಿನ ಮೊದಲೇ ಹೇಳಬಲ್ಲರು. ಆ ಮಾತು ತಗಡಿನ ಮಾಡಿನ ಕೆಳಗೆ ಮಗ್ಗ ನಡೆಸುವವನಿಗೂ ಬೀದಿಬದಿಯಲ್ಲಿ ಹಣ್ಣು ಮಾರುವವಳಿಗೂ ಮುಟ್ಟಬೇಕು. ಮುಟ್ಟಿದರೆ ಸಾಲದು, ನೆರಳಿಗೆ ಸರಿದರೆ ಅಂದಿನ ಗಂಜಿ ತಪ್ಪುವುದಾದರೆ ಎಚ್ಚರಿಕೆಯಿಂದ ಏನು ಫಲ? ಮಧ್ಯಾಹ್ನ ಕೂಲಿ ಕಡಿಯದೆ ವಿರಾಮ, ಗಿರಣಿಯೊಳಗೆ ಗಾಳಿ, ಸಂತೆಯಲ್ಲಿ ನೆರಳು ಮತ್ತು ನೀರು: ಇವನ್ನು ನಾವು ದಾನವೆಂದು ಬೇಡುತ್ತಿಲ್ಲ, ಹಕ್ಕೆಂದು ಕೇಳುತ್ತಿದ್ದೇವೆ.