ಕಟ್ಟೆಯ ಮೇಲಿನ ನಾಡಿಪರೀಕ್ಷೆ

2022ನೆಯ ಇಸವಿಯ ನಡುಭಾಗದಲ್ಲಿ, ವಿಧಾನಸಭೆಯ ಚುನಾವಣೆಗೆ ಇನ್ನು ಒಂದು ವರ್ಷವೂ ಉಳಿಯದಿದ್ದ ಸಮಯದಲ್ಲಿ, ನಮ್ಮ ತುಮಕೂರು ಜಿಲ್ಲೆಯ ಮಧುಗಿರಿ ಸೀಮೆಯಲ್ಲಿ ಮಾತನಾಡುತ್ತ, ಅಂದು ಮಾಜಿ ಶಾಸಕರಾಗಿದ್ದ ಕೆ. ಎನ್. ರಾಜಣ್ಣನವರು ಮಾಜಿ ಪ್ರಧಾನಿ ಎಚ್. ಡಿ. ದೇವೇಗೌಡರನ್ನು ಕುರಿತು, ಈಗ ಇಬ್ಬರ ಮೇಲೆ ಕೈಯಿಟ್ಟು ನಡೆಯುತ್ತಿರುವ ಅವರು ನಾಲ್ವರ ಹೆಗಲ ಮೇಲೆ ಹೋಗುವ ಕಾಲ ಹತ್ತಿರವಾಗಿದೆಯೆಂಬ ಅರ್ಥದ ಮಾತನ್ನಾಡಿದರು. ಮಾತು ಊರಿಂದೂರಿಗೆ ಹಬ್ಬಿತು, ಪ್ರತಿಭಟನೆಗಳು ನಡೆದವು, ರಾಜಣ್ಣನವರು ಅನಂತರ ವಿಷಾದವನ್ನೂ ಸೂಚಿಸಿದರು. ಪ್ರಕರಣ ಅಲ್ಲಿಗೆ ಮುಗಿಯಿತೆಂದು ಬಹುಮಂದಿ ಬಗೆದರು. ನನ್ನ ಮಟ್ಟಿಗೆ ಅದು ಮುಗಿದಿಲ್ಲ. ಏಕೆಂದರೆ ಆ ಮಾತನ್ನು ಜನರೆದುರಿಗೆ ನಿಂತು ಆಡಿದವರು ಒಬ್ಬರೇ ಆದರೂ, ಅದೇ ಮಾತನ್ನು ಅರಳಿಕಟ್ಟೆಯ ಮೇಲೆ, ಕೊಬ್ಬರಿ ಮಂಡಿಯ ನೆರಳಿನಲ್ಲಿ, ಚಹದ ಅಂಗಡಿಯ ಬೆಂಚಿನ ಮೇಲೆ ಕುಳಿತು ಆಡಿದವರೂ ಅದನ್ನು ಕೇಳಿ ನಕ್ಕವರೂ ನಾವು ಸಾವಿರಾರು ಮಂದಿ ಇದ್ದೇವೆ. ನಾವಾರೂ ವಿಷಾದವನ್ನು ಸೂಚಿಸಲಿಲ್ಲ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೋಟದ ಮನೆಗಳಲ್ಲಿ ಎಂಬತ್ತು ದಾಟಿದ ಹಿರಿಯರು ಎಷ್ಟೋ ಮಂದಿ ಮೊಮ್ಮಗನ ಭುಜದ ಮೇಲೆ ಕೈಯೂರಿ ಬೆಳಗಿನ ಹೊತ್ತು ತೋಟ ಸುತ್ತುವುದನ್ನು ನಾವು ದಿನವೂ ಕಾಣುತ್ತೇವೆ. ಯಾವ ಸಾಲಿನ ಎಷ್ಟನೆಯ ಮರ ಈ ಬಾರಿ ಹೊಂಬಾಳೆ ಕಡಿಮೆ ಬಿಟ್ಟಿದೆ, ಯಾವ ಗುಣಿಗೆ ನೀರು ಹತ್ತುತ್ತಿಲ್ಲ ಎಂಬುದನ್ನು ನೆಟ್ಟಗೆ ನಡೆಯಬಲ್ಲ ಮಕ್ಕಳಿಗಿಂತ ಚೆನ್ನಾಗಿ ಬಲ್ಲವರು ಅವರೇ. ಆ ಮೊಮ್ಮಗನ ಭುಜವನ್ನು ಕಂಡು ಚಟ್ಟದ ನೆನಪು ತಂದುಕೊಳ್ಳುವವನನ್ನು ನಮ್ಮ ಮನೆಯ ಜಗುಲಿ ಹತ್ತಿಸುವವರು ಯಾರು? ಮನೆಯ ಹಿರಿಯನ ವಿಷಯದಲ್ಲಿ ಅಮಂಗಳವೆನಿಸಿದ ನುಡಿ ಮತ ಕೇಳಲು ಬಂದ ಹಿರಿಯನ ವಿಷಯದಲ್ಲಿ ರಾಜಕೀಯ ವಿಮರ್ಶೆಯಾಗುವುದು ಹೇಗೆಂಬುದು ನನಗೆ ಇಂದಿಗೂ ತಿಳಿಯದು.

ಈ ಮಾತಿಗೆ ಬೀಜ ಬಿದ್ದದ್ದು ಬಹುಶಃ 2019ರಲ್ಲಿ. ದೇವೇಗೌಡರು ಆ ವರ್ಷ ನಮ್ಮ ತುಮಕೂರು ಲೋಕಸಭಾ ಕ್ಷೇತ್ರದಿಂದ ಸ್ಪರ್ಧಿಸಿದರು. ಏಪ್ರಿಲ್ 18ರಂದು ಮತದಾನ ನಡೆದಾಗ ಅವರಿಗೆ ಎಂಬತ್ತಾರು ತುಂಬಲು ಸರಿಯಾಗಿ ಒಂದು ತಿಂಗಳು ಉಳಿದಿತ್ತು. ಎದುರಾಳಿಯಾಗಿದ್ದ ಜಿ. ಎಸ್. ಬಸವರಾಜು ಅವರೂ ಎಪ್ಪತ್ತನ್ನು ದಾಟಿದವರೇ. ಆ ಪ್ರಚಾರದ ದಿನಗಳಲ್ಲಿ ಈ ಕ್ಷೇತ್ರದ ಮುಂದೆ ನಿಜವಾದ, ಘನವಾದ ಪ್ರಶ್ನೆಯೊಂದಿತ್ತು: ಹೇಮಾವತಿಯ ನೀರು. ಗೊರೂರಿನ ಅಣೆಕಟ್ಟಿನಿಂದ ತುಮಕೂರಿನ ನಾಲೆಗೆ ಸಲ್ಲಬೇಕಾದ ಪಾಲು ಸಲ್ಲದೆ ಹೋದುದಕ್ಕೆ ಹಾಸನದ ಈ ನಾಯಕರೇ ಕಾರಣರೆಂದು ವಿರೋಧಿಗಳು ಆಪಾದಿಸಿದರು. ಅವರ ಪಕ್ಷದವರು ಅದನ್ನು ನಿರಾಕರಿಸಿದರು. ಇದು ವಾದಿಸಲು ತಕ್ಕ ವಿಷಯವಾಗಿತ್ತು. ಹಂಚಿಕೆಯ ಕಾಗದಗಳಿದ್ದುವು, ನಾಲೆಯ ತೂಬುಗಳಿದ್ದುವು, ತುಂಬಿದ ಕೆರೆಗಳೂ ಒಣಗಿದ ಕೆರೆಗಳೂ ಕಣ್ಣೆದುರಿಗೇ ಇದ್ದುವು. ಅಷ್ಟಿದ್ದೂ ನಾನು ಕುಳಿತೆದ್ದ ಕಟ್ಟೆಗಳಲ್ಲಿ ನಾಲೆಯ ಮಾತು ಹತ್ತು ನಿಮಿಷ ನಡೆದರೆ ಮೊಣಕಾಲಿನ ಮಾತು ಒಂದು ಗಂಟೆ ನಡೆಯುತ್ತಿತ್ತು. 'ಈ ವಯಸ್ನಲ್ಲಿ ಯಾಕಪ್ಪ ಬೇಕು', 'ಆಳು ಇಳಿದೋಗವ್ರೆ', 'ಅವಧಿ ಮುಗಿಯೋವರ್ಗೂ ಇರ್ತಾರಾ' ಎಂಬಿವೇ ನುಡಿಗಳು. ದೇವೇಗೌಡರು 13,339 ಮತಗಳಿಂದ ಸೋತರು. ಮತದಾರನು ಅವರನ್ನು ಹೇಮಾವತಿಯ ಕಾರಣಕ್ಕೆ ತಿರಸ್ಕರಿಸಿದ್ದರೆ ಅದು ಅವನ ಅಧಿಕಾರ. ಅವರ ನಡಿಗೆಯ ಕಾರಣಕ್ಕೆ ತಿರಸ್ಕರಿಸಿದ್ದರೆ ಅವನು ತನ್ನ ನೀರಿನ ಪ್ರಶ್ನೆಯನ್ನು ತಾನೇ ಕಳೆದುಕೊಂಡನೆಂದು ಹೇಳಬೇಕಾಗುತ್ತದೆ. ಅವಧಿಯ ಮಾತಾದರೋ, ಆ ಲೋಕಸಭೆಯ ಅವಧಿ ಮುಗಿಯುವ ಮುನ್ನ, 2023ರ ಮೇ 28ರಂದು, ತೊಂಬತ್ತು ತುಂಬಿ ಹತ್ತು ದಿನ ಕಳೆದ ಅದೇ ದೇವೇಗೌಡರು ರಾಜ್ಯಸಭೆಯ ಸದಸ್ಯರಾಗಿ ದೆಹಲಿಯ ನೂತನ ಸಂಸದ್ಭವನದ ಉದ್ಘಾಟನೆಯಲ್ಲಿ ಕುಳಿತಿದ್ದರು.

ನಮ್ಮ ಭಾಷೆಯಲ್ಲಿ 'ಅಂತೆ' ಎಂಬ ಒಂದು ಪುಟ್ಟ ಅವ್ಯಯವಿದೆ. ತಾನು ಕಣ್ಣಾರೆ ಕಾಣದ ಸಂಗತಿಯನ್ನು, ಕಂಡವರಿಂದ ಕೇಳಿ ತಿಳಿದೆನೆಂದು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುವುದಕ್ಕಾಗಿ ಹಿರಿಯರು ನಮಗೆ ಬಿಟ್ಟುಹೋದ ಸೂಕ್ಷ್ಮವಾದ ಸಾಧನ ಅದು. ಸತ್ಯದ ವಿಷಯದಲ್ಲಿ ಕನ್ನಡವು ಎಷ್ಟು ಎಚ್ಚರದಿಂದಿದೆ ಎಂಬುದಕ್ಕೆ ಸಾಕ್ಷಿ. ಚುನಾವಣೆಯ ಕಾಲದಲ್ಲಿ ಆ ಸಾಧನವನ್ನೇ ನಾವು ಅಸತ್ಯದ ವಾಹನವನ್ನಾಗಿ ಮಾಡಿಕೊಂಡಿದ್ದೇವೆ. 'ಸ್ಟೆಂಟ್ ಹಾಕವ್ರಂತೆ', 'ಕಿಡ್ನಿ ಹೋಗಿದೆಯಂತೆ', 'ಡಾಕ್ಟ್ರು ಆರೇ ತಿಂಗಳು ಅಂದವ್ರಂತೆ'. ಯಾರು ಹೇಳಿದರೆಂದು ಕೇಳಿದರೆ ಹೇಳಿದವರಿಲ್ಲ. ಆದರೂ ಮಾತು ಸಂಜೆಯ ಹೊತ್ತಿಗೆ ಕೆ. ಬಿ. ಕ್ರಾಸನ್ನು ದಾಟಿ, ಮರುದಿನ ಹುಳಿಯಾರನ್ನು ಮುಟ್ಟಿರುತ್ತದೆ. ಈಗ ಅದಕ್ಕೆ ವಾಟ್ಸಾಪ್ ಬೇರೆ ದೊರಕಿದೆ. ಬಾಯಿಂದ ಬಾಯಿಗೆ ಹೋಗುವಾಗ ಕೊನೆಗೆ ಉಳಿದಿರುತ್ತಿದ್ದ ಆ 'ಅಂತೆ'ಯೂ ಬೆರಳಿಂದ ಬೆರಳಿಗೆ ಹೋಗುವಾಗ ಉದುರಿಹೋಗಿ, ಕೇಳಿದ್ದು ಕಂಡದ್ದಾಗಿ ನಿಲ್ಲುತ್ತದೆ.

ಕೂಡ್ಲಿಗಿಯ ಪ್ರಸಂಗ ಹಲವರಿಗೆ ನೆನಪಿರಬಹುದು. 2023ರ ಏಪ್ರಿಲ್ 29ರಂದು ಅಲ್ಲಿ ಪ್ರಚಾರಕ್ಕೆ ಹೋಗಿದ್ದ ಸಿದ್ದರಾಮಯ್ಯನವರು ಕಾರಿನ ಬಾಗಿಲಲ್ಲಿ ನಿಂತು ಜನರತ್ತ ಕೈಬೀಸುತ್ತಿದ್ದಾಗ ಆಯತಪ್ಪಿ ಹಿಂದಕ್ಕೆ ಕುಸಿದರು. ಕ್ಷಣಗಳ ಆ ದೃಶ್ಯವನ್ನು ದೂರದರ್ಶನದ ವಾಹಿನಿಗಳು ಮತ್ತೆಮತ್ತೆ ತೋರಿಸಿದುವು. ತಮಗೇನೂ ಆಗಿಲ್ಲವೆಂದು ಅವರು ಹೇಳಿ ಪ್ರಚಾರವನ್ನು ಮುಂದುವರಿಸಿದರೂ ನಮ್ಮ ಕಟ್ಟೆಗಳು ಅವರಿಗೆ ರೋಗವನ್ನು ನಿಶ್ಚಯಿಸಿ ಆಗಿತ್ತು. ಇಪ್ಪತ್ತೊಂದು ದಿನಗಳ ಬಳಿಕ ಅವರು ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಇನ್ನೊಂದು ಪಕ್ಕಕ್ಕೆ ನೋಡಿ: 2018ರ ಮೇ ತಿಂಗಳ ಚುನಾವಣೆಯ ಹೊತ್ತಿನಲ್ಲಿ ಆಗ ಕೇಂದ್ರ ಸಚಿವರಾಗಿದ್ದ ಅನಂತಕುಮಾರ್ ಅವರ ಆರೋಗ್ಯವನ್ನು ಕುರಿತು ಯಾವ ಕಟ್ಟೆಯೂ ಒಂದು ಸೊಲ್ಲೆತ್ತಿದುದನ್ನು ನಾನು ಕೇಳಲಿಲ್ಲ, ಅದೇ ವರ್ಷ ನವೆಂಬರ್ 12ರಂದು ಅವರು ಕ್ಯಾನ್ಸರಿಗೆ ಬಲಿಯಾದರು.

ತೆಂಗು ಬೆಳೆಯುವವರಾದ ನಮಗಾದರೂ ಇದು ಗೊತ್ತಿರಬೇಕಾಗಿತ್ತು. ಕಪ್ಪುತಲೆ ಹುಳು ಬಿದ್ದ ತೋಟವನ್ನು ದೂರದಿಂದ ನೋಡಿದವನು ಬೆಂಕಿ ಬಿದ್ದು ಹೋಯಿತೆಂದೇ ತಿಳಿಯುತ್ತಾನೆ: ಗರಿಗಳೆಲ್ಲ ಸುಟ್ಟ ಹಾಗೆ ಕಂದಿ ಜೋತುಬಿದ್ದಿರುತ್ತವೆ. ಆದರೆ ಪರೋಪಜೀವಿ ಕೀಟಗಳನ್ನು ಬಿಟ್ಟು, ಗೊಬ್ಬರ ನೀರು ಕೊಟ್ಟು ಆರೈಕೆ ಮಾಡಿದ ಮರ ಮರಳಿ ಹಸುರಾಗಿ ಗೊನೆ ಬಿಡುವುದನ್ನು ನಾವು ಕಂಡಿದ್ದೇವೆ. ಅಣಬೆ ರೋಗ ಹಾಗಲ್ಲ. ತಲೆಯ ಮೇಲೆ ಗರಿ ಹಸುರಾಗಿದ್ದಾಗಲೇ ನೆಲದೊಳಗೆ ಬೇರು ಕೊಳೆಯಲು ತೊಡಗಿರುತ್ತದೆ; ಬುಡದಲ್ಲಿ ಅಣಬೆ ಎದ್ದು ಕಣ್ಣಿಗೆ ಬೀಳುವ ಹೊತ್ತಿಗೆ ಮಾಡತಕ್ಕ ಉಪಾಯವೇನೂ ಉಳಿದಿರುವುದಿಲ್ಲ. ಅಟ್ಟದ ಮೇಲೆ ವರ್ಷವೊಂದರ ತನಕ ಒಣಗಿದ ಕಾಯನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ, ಗಿಟುಕಿನ ಸದ್ದು ಕೇಳಿ, ಒಳಗಿನ ಕೊಬ್ಬರಿಯ ಗುಣವನ್ನು ಊಹಿಸಬಲ್ಲ ನಿಪುಣರು ನಮ್ಮಲ್ಲಿದ್ದಾರೆ. ಅವರು ಕೂಡ ಸುಲಿದು ಚಿಪ್ಪೊಡೆದು ನೋಡುವವರೆಗೆ ಕೌಟೆಂದು ಬೆಲೆ ತಗ್ಗಿಸಲು ಒಪ್ಪುವುದಿಲ್ಲ. ಒಂದು ಕಾಯಿಗೆ ನಾವು ಸಲ್ಲಿಸುವ ಈ ನ್ಯಾಯವನ್ನು ಒಬ್ಬ ಮನುಷ್ಯನಿಗೆ ಸಲ್ಲಿಸಲಾರೆವೇ?

ಇಲ್ಲಿ ವಿವೇಕಿಗಳು ಒಂದು ಆಕ್ಷೇಪವನ್ನೆತ್ತುತ್ತಾರೆ, ಮತ್ತು ಅದು ಲಘುವಾದುದಲ್ಲ. ಐದು ವರ್ಷ ನಮ್ಮನ್ನು ಆಳಬೇಕಾದವನ ದೇಹ ಆ ಭಾರವನ್ನು ಹೊರಬಲ್ಲುದೇ ಎಂದು ತಿಳಿಯುವ ಹಕ್ಕು ಪ್ರಜೆಗೆ ಇಲ್ಲವೇ ಎಂಬುದು ಆ ಆಕ್ಷೇಪ. ಇದೆ, ನಾನು ಅದನ್ನು ಸಂಪೂರ್ಣವಾಗಿ ಒಪ್ಪುತ್ತೇನೆ. ಅಮೆರಿಕದ ರೂಸ್‌ವೆಲ್ಟ್ ಅವರ ಹೃದಯ ಸೋಲುತ್ತಿದೆಯೆಂಬುದನ್ನು 1944ರ ಮಾರ್ಚಿನಲ್ಲಿಯೇ ವೈದ್ಯರು ಕಂಡುಹಿಡಿದಿದ್ದರೂ, ಅಧ್ಯಕ್ಷರು ಆರೋಗ್ಯವಾಗಿದ್ದಾರೆಂದೇ ಜನರಿಗೆ ತಿಳಿಸಲಾಯಿತು; ನವೆಂಬರಿನಲ್ಲಿ ನಾಲ್ಕನೆಯ ಬಾರಿ ಗೆದ್ದ ಅವರು 1945ರ ಏಪ್ರಿಲ್ 12ರಂದು ತೀರಿಕೊಂಡರು. ಫ್ರಾನ್ಸಿನ ಅಧ್ಯಕ್ಷ ಮಿತೆರಾಂ ತಮ್ಮ ಆರೋಗ್ಯದ ವರದಿಗಳನ್ನು ಕಾಲಕಾಲಕ್ಕೆ ಪ್ರಕಟಿಸುವೆನೆಂದು ವಚನವಿತ್ತು, 1981ರಲ್ಲಿಯೇ ಪತ್ತೆಯಾದ ಕ್ಯಾನ್ಸರನ್ನು ಆ ವರದಿಗಳಲ್ಲಿಯೇ ಹನ್ನೊಂದು ವರ್ಷ ಮರೆಮಾಚಿದರು. ಇವು ಪ್ರಜೆಗಳಿಗೆ ಎಸಗಿದ ವಂಚನೆಗಳೇ ಸರಿ. ಆದರೆ ಆ ವಂಚನೆಗಳನ್ನು ಯಾವ ಕಟ್ಟೆಯ ಊಹೆಯೂ ತಡೆಯಲಿಲ್ಲವೆಂಬುದನ್ನು ಗಮನಿಸಬೇಕು. ಪರೀಕ್ಷಿಸಿದ ವೈದ್ಯನು ಸುಳ್ಳು ಹೇಳಿದ್ದಕ್ಕೆ ಪರೀಕ್ಷಿಸದವರೆಲ್ಲ ವೈದ್ಯರಾಗುವುದು ಪರಿಹಾರವಾಗಲಾರದು. ಅದೇ ಅಮೆರಿಕದಲ್ಲಿ 1964ರ ಚುನಾವಣೆಯ ವೇಳೆ ಪತ್ರಿಕೆಯೊಂದು ಅಭ್ಯರ್ಥಿ ಗೋಲ್ಡ್‌ವಾಟರ್ ಅವರ ಮನಃಸ್ಥಿತಿಯನ್ನು ಕುರಿತು ಮನೋವೈದ್ಯರನ್ನು ವಿಚಾರಿಸಿದಾಗ, ಅವರ ನಾಡಿಯನ್ನೆಂದೂ ಮುಟ್ಟದ 1,189 ವೈದ್ಯರು ಅವರನ್ನು ಅಯೋಗ್ಯರೆಂದು ಸಾರಿದರು. ಗೋಲ್ಡ್‌ವಾಟರ್ ನ್ಯಾಯಾಲಯಕ್ಕೆ ಹೋಗಿ ಗೆದ್ದರು. ತಾನು ಪರೀಕ್ಷಿಸದ ವ್ಯಕ್ತಿಯ ಮನಸ್ಸನ್ನು ಕುರಿತು ವೈದ್ಯನು ಸಾರ್ವಜನಿಕವಾಗಿ ತೀರ್ಪು ಕೊಡಕೂಡದೆಂದು ಅಲ್ಲಿಯ ಮನೋವೈದ್ಯರ ಸಂಘವೇ 1973ರಲ್ಲಿ ನಿಯಮ ಮಾಡಿತು. ಶಾಸ್ತ್ರ ಬಲ್ಲವರಿಗೇ ಇಲ್ಲದ ಅಧಿಕಾರ ನಮಗೆಲ್ಲಿಂದ ಬಂದೀತು?

ನಮ್ಮ ಸಂವಿಧಾನವು ಈ ವಿಷಯದಲ್ಲಿ ತೋರಿದ ಸಂಯಮವನ್ನು ಗಮನಿಸಿ. ಸಂಸತ್ತಿಗೆ 102ನೆಯ ವಿಧಿಯೂ ವಿಧಾನಸಭೆಗೆ 191ನೆಯ ವಿಧಿಯೂ ಅನ್ವಯಿಸುತ್ತವೆ. ಅಸ್ವಸ್ಥಚಿತ್ತನನ್ನು ಸದಸ್ಯತ್ವಕ್ಕೆ ಅನರ್ಹನೆನ್ನುವ ಆ ವಿಧಿಗಳು, ಹಾಗೆಂದು ಸಮರ್ಥ ನ್ಯಾಯಾಲಯವೊಂದು ಘೋಷಿಸಿರಬೇಕೆಂದು ಕಟ್ಟುಮಾಡಿವೆ. ವಯಸ್ಸಿಗೆ ಕೆಳಗಿನ ಮಿತಿಯುಂಟು, ಮೇಲಿನ ಮಿತಿಯಿಲ್ಲ. ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನ ಫಲವಾಗಿ ಅಭ್ಯರ್ಥಿಯು ತನ್ನ ಮೇಲಿನ ಮೊಕದ್ದಮೆ, ಆಸ್ತಿ, ಸಾಲ, ವಿದ್ಯಾಭ್ಯಾಸಗಳನ್ನು ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು; ರೋಗದ ಅಂಕಣ ಅದರಲ್ಲಿಲ್ಲ. ಅದನ್ನೂ ಸೇರಿಸಬೇಕೆನ್ನುವವರಿದ್ದಾರೆ. ನಾನು ಅದನ್ನು ವಿರೋಧಿಸುತ್ತೇನೆ. ಮೊಕದ್ದಮೆ ಮನುಷ್ಯನ ನಡತೆಗೆ ಸಂಬಂಧಿಸಿದ್ದು, ಆಸ್ತಿ ಅವನ ಗಳಿಕೆಗೆ. ರೋಗ ಅವನು ಮಾಡಿಕೊಂಡದ್ದಲ್ಲ. ಆ ಅಂಕಣ ಬಂದ ದಿನ, ಎಂದೋ ಕ್ಷಯವಾಗಿ ಗುಣವಾದವನು, ಗರ್ಭಕೋಶದ ಶಸ್ತ್ರಚಿಕಿತ್ಸೆಯಾದ ಹೆಣ್ಣುಮಗಳು, ಮನಸ್ಸಿನ ಖಿನ್ನತೆಗೆ ಮಾತ್ರೆ ನುಂಗಿ ಚೇತರಿಸಿಕೊಂಡ ಯುವಕ, ಇವರಾರೂ ಗ್ರಾಮಪಂಚಾಯಿತಿಯ ಚುನಾವಣೆಗೂ ಧೈರ್ಯವಾಗಿ ನಿಲ್ಲಲಾರರು. ಖಾಸಗಿತನವು ಮೂಲಭೂತ ಹಕ್ಕೆಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿದ ತೀರ್ಪಿನ ಮೇಲೆ ನಮ್ಮವರೇ ಆದ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಹೆಸರಿದೆ; ಕನ್ನಡಿಗರಾದ ನಾವು ಅದನ್ನು ಮರೆಯಕೂಡದು.

ಹಾಗಾದರೆ ಕೇಳತಕ್ಕುದೇನು? ಕೆಲಸ ನಡೆಯುವುದೇ ಎಂಬುದೊಂದೇ. ಅದನ್ನು ಬೆನ್ನ ಹಿಂದೆ ಪಿಸುಗುಟ್ಟದೆ ಅಭ್ಯರ್ಥಿಯ ಎದುರಿಗೇ ನಿಂತು ಕೇಳಬೇಕು. ಆಸ್ಪತ್ರೆ ಸೇರಿ ಬಂದ ಅಭ್ಯರ್ಥಿಯೂ ತನಗೆ ಇಂಥದಾಗಿತ್ತು, ಇಷ್ಟು ಓಡಾಡಬಲ್ಲೆ, ಇಷ್ಟು ಆಗದು ಎಂದು ಎರಡು ಮಾತಿನಲ್ಲಿ ನೇರವಾಗಿ ಹೇಳಬೇಕು. ರೋಗವನ್ನು ಬೇರೆ ಉದ್ದೇಶಗಳಿಗೆ ಬಳಸಿದರೆ ಏನಾಗುತ್ತದೆಂಬುದಕ್ಕೆ ನಮ್ಮ ರಾಜ್ಯದಲ್ಲಿ ವೀರೇಂದ್ರ ಪಾಟೀಲರಿದ್ದಾರೆ. 1989ರಲ್ಲಿ 178 ಸ್ಥಾನಗಳನ್ನು ಗೆದ್ದ ಪಕ್ಷದ ಮುಖ್ಯಮಂತ್ರಿ ಮರುವರ್ಷವೇ ಪಾರ್ಶ್ವವಾಯುವಿನಿಂದ ಮಲಗಿದರು. ರಾಜ್ಯದಲ್ಲಿ ಕೋಮುಗಲಭೆ ನಡೆದಿದ್ದ ದಿನಗಳವು. ಬೆಂಗಳೂರಿಗೆ ಬಂದು ಅವರನ್ನು ಕಂಡುಹೋದ ರಾಜೀವ್ ಗಾಂಧಿಯವರು, ಶಾಸಕಾಂಗ ಪಕ್ಷ ಸೇರಿ ನಿರ್ಧರಿಸುವ ಮುನ್ನವೇ, ವಿಮಾನನಿಲ್ದಾಣದಲ್ಲಿ ನಿಂತು ನಾಯಕತ್ವದ ಬದಲಾವಣೆಯನ್ನು ಸಾರಿದರು. ಪಾಟೀಲರು ಅದನ್ನು ಒಪ್ಪಲಿಲ್ಲ; ಒಂದು ವಾರ ರಾಷ್ಟ್ರಪತಿ ಆಳ್ವಿಕೆ ನಡೆದು ಅಕ್ಟೋಬರ್ 17ರಂದು ಬಂಗಾರಪ್ಪನವರು ಅಧಿಕಾರಕ್ಕೆ ಬಂದರು. ಪಾಟೀಲರು ಅನಂತರ ಆರು ವರ್ಷಗಳಿಗೂ ಮಿಕ್ಕಿ ಬದುಕಿದ್ದರು. ಅವರು ಆ ಸ್ಥಾನದಲ್ಲಿ ಮುಂದುವರಿಯಲು ಸಮರ್ಥರಾಗಿದ್ದರೋ ಇಲ್ಲವೋ ಎಂಬುದನ್ನು ಅವರನ್ನು ಆರಿಸಿದ ಶಾಸಕರು ಎದುರುಬದುರು ಕುಳಿತು ನಿಷ್ಕರ್ಷಿಸಬೇಕಾಗಿತ್ತು. ಆ ಗೌರವವನ್ನು ಅವರಿಗೆ ಕೊಡಲಿಲ್ಲ.

2024ರ ಮಾರ್ಚ್ 21ರಂದು ಚೆನ್ನೈಯಲ್ಲಿ ಎಚ್. ಡಿ. ಕುಮಾರಸ್ವಾಮಿಯವರಿಗೆ ಹೃದಯದ ಚಿಕಿತ್ಸೆಯಾಯಿತು. ಅವರು ಬೇಗನೆ ಮರಳಿ ಮಂಡ್ಯದಲ್ಲಿ ನಾಮಪತ್ರ ಸಲ್ಲಿಸಿದಾಗ, ಹಿಂದೆ ಸಾಯುತ್ತಾನಂತೆ ಎನ್ನುತ್ತಿದ್ದ ನಾಲಿಗೆಗಳು ರೋಗವೇ ಸುಳ್ಳಂತೆ ಎನ್ನಲು ತೊಡಗಿದುವು. ಬದುಕಿದರೂ ತಪ್ಪು, ಮಲಗಿದರೂ ತಪ್ಪು. ಅದೇ ಮಾರ್ಚ್ ತಿಂಗಳಲ್ಲಿ ನಮ್ಮ ತಿಪಟೂರಿನಲ್ಲಿ ಏನು ನಡೆಯುತ್ತಿತ್ತು? ಪೇಟೆಯಲ್ಲಿ ಕೊಬ್ಬರಿಯ ಧಾರಣೆ ಬೆಂಬಲ ಬೆಲೆಗಿಂತ ಬಹಳ ಕೆಳಕ್ಕೆ ಬಿದ್ದಿತ್ತು. ಉಂಡೆಕೊಬ್ಬರಿಗೆ ಕೇಂದ್ರವು ನಿಗದಿ ಮಾಡಿದ್ದ ಕ್ವಿಂಟಲಿಗೆ 12,000 ರೂಪಾಯಿಯನ್ನು ನಾಫೆಡ್ ಖರೀದಿಯ ಮೂಲಕ ಪಡೆಯಬೇಕಾದರೆ ಮೊದಲು ಹೆಸರನ್ನು ನೋಂದಾಯಿಸಿಕೊಳ್ಳಬೇಕಾಗಿತ್ತು. ಒಮ್ಮೆ ನಡೆದ ನೋಂದಣಿ ಅಕ್ರಮಗಳ ದೂರಿನಿಂದ ರದ್ದಾಗಿ, ಎರಡನೆಯ ಬಾರಿ ಮೊದಲಿನಿಂದ ನಡೆಯಿತು. ಬೇಸಿಗೆಯ ಬಿಸಿಲಿನಲ್ಲಿ ಪಹಣಿ, ಆಧಾರ್, ಬ್ಯಾಂಕಿನ ಪುಸ್ತಕಗಳ ಕಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ಸಾಲಿನಲ್ಲಿ ನಿಂತವರಲ್ಲಿ ಎಪ್ಪತ್ತು, ಎಂಬತ್ತು ವರ್ಷದವರಿದ್ದರು. ಬೆರಳಚ್ಚು ಕೊಡಬೇಕಾಗಿದ್ದುದರಿಂದ ಅವರ ಬದಲು ಮಕ್ಕಳು ನಿಲ್ಲುವಂತಿರಲಿಲ್ಲ. ಮಟ್ಟೆ ಸುಲಿದು ಸುಲಿದು ಗೆರೆಗಳೆಲ್ಲ ಸವೆದುಹೋದ ಬೆರಳನ್ನು ಯಂತ್ರದ ಗಾಜಿನ ಮೇಲೆ ಒಮ್ಮೆ ಒತ್ತಿ, ಹಿಡಿಯದಿರಲು ಪಂಚೆಗೆ ಒರೆಸಿ ಮತ್ತೆ ಒತ್ತಿ, ಪಕ್ಕದವನ ಭುಜದ ಮೇಲೆ ಇನ್ನೊಂದು ಕೈಯಿಟ್ಟು ಅವರು ನಿಂತಿದ್ದರು. ಮತ ಕೇಳಲು ಬಂದವರ ಮುಂದೆ ಇಡಬೇಕಾಗಿದ್ದ ಆರೋಗ್ಯದ ಪ್ರಶ್ನೆ ಆ ಸಾಲಿನಲ್ಲಿತ್ತು. ಕಟ್ಟೆಯ ಮೇಲೆ ಕುಳಿತ ನಾವು ಚೆನ್ನೈಯ ಹೃದಯದ ಮಾತನ್ನಾಡುತ್ತಿದ್ದೆವು.