ಯುಟೋಪಿಯಾದಲ್ಲಿ ವಲಸಿಗನಿಗೆ ಜಾಗವಿಲ್ಲ

ನಮ್ಮ ಸಂಘಗಳ ವೇದಿಕೆಗಳಲ್ಲಿ, ಹರಟೆಗಳಲ್ಲಿ 'ಯುಟೋಪಿಯಾ' ಎಂಬ ಮಾತು ಸಲೀಸಾಗಿ ಬರುತ್ತದೆ. ಎಲ್ಲರಿಗೂ ಅನ್ನ, ಎಲ್ಲರಿಗೂ ಕೆಲಸ ಇರುವ ನಾಡು ಎಂದು ಅರ್ಥ. ಥಾಮಸ್ ಮೋರ್ 1516ರಲ್ಲಿ ಲ್ಯಾಟಿನ್‌ನಲ್ಲಿ ಪ್ರಕಟಿಸಿದ ಆ ಪುಸ್ತಕವನ್ನು ಊರು ಬಿಟ್ಟು ಬಂದವರ ಕಣ್ಣಿನಿಂದ ಒಮ್ಮೆ ಓದಿ. ಆಸೆ ಇಳಿದುಹೋಗುತ್ತದೆ.

ಒಳ್ಳೆಯದನ್ನು ಮೊದಲೇ ಒಪ್ಪೋಣ. ಅಲ್ಲಿ ದಿನಕ್ಕೆ ಆರು ಗಂಟೆ ದುಡಿಮೆ. ಹಣವಿಲ್ಲ, ಖಾಸಗಿ ಆಸ್ತಿಯಿಲ್ಲ. ಬಂಗಾರ ಮೂತ್ರದ ಪಾತ್ರೆಗೆ, ಗುಲಾಮರ ಸಂಕೋಲೆಗೆ ಮಾತ್ರ. ಕುರಿ ಮೇಯಿಸಲೆಂದು ರೈತರನ್ನು ಹೊಲದಿಂದ ಓಡಿಸಿ, ಹೊಟ್ಟೆಪಾಡಿಗೆ ಕದ್ದವರನ್ನು ನೇಣಿಗೇರಿಸುತ್ತಿದ್ದ ಅಂದಿನ ಇಂಗ್ಲೆಂಡಿಗೆ ಇದು ಬಿಸಿ ಮುಟ್ಟಿಸುವ ಮಾತೇ.

ಆದರೆ ಬೆಲೆ ನೋಡಿ. 54 ನಗರಗಳು, ಎಲ್ಲ ಕಡೆ ಒಂದೇ ಭಾಷೆ, ಒಂದೇ ಪದ್ಧತಿ, ಒಂದೇ ಕಾನೂನು. ಬೇರೆ ಊರಿಗೆ ಹೋಗಬೇಕೆಂದರೆ, ಹಿಂದಿರುಗುವ ದಿನ ನಮೂದಿಸಿದ ಅಧಿಪತಿಯ ಪತ್ರ ಬೇಕು. ಪತ್ರವಿಲ್ಲದೆ ಸಿಕ್ಕಿಬಿದ್ದರೆ ಶಿಕ್ಷೆ, ಎರಡನೇ ಸಲ ಸಿಕ್ಕಿದರೆ ಗುಲಾಮಗಿರಿ. ರಾಜ್ಯದ ವಿಚಾರವನ್ನು ಸಭೆಯ ಹೊರಗೆ ಚರ್ಚಿಸಿದರೆ ಮರಣದಂಡನೆ. ಪ್ರಾಣಿ ಕಡಿಯುವುದು, ಅಡುಗೆಮನೆಯ ಹೊಲಸು ಕೆಲಸ, ಎಲ್ಲ ಗುಲಾಮರ ಪಾಲು. ಆ ಗುಲಾಮರಲ್ಲಿ ಒಂದು ವರ್ಗ ಯಾರು ಗೊತ್ತೇ? ತಮ್ಮ ನಾಡಿನಲ್ಲಿ ಹೊಟ್ಟೆ ತುಂಬದೆ, ಇಷ್ಟಪಟ್ಟು ಬಂದು ಸೇರಿಕೊಂಡ ಬಡ ಪರದೇಶಿಗಳು. ಅವರನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ, ಸ್ವಲ್ಪ ಹೆಚ್ಚು ದುಡಿಸುತ್ತಾರೆ, ಅಷ್ಟೆ. ಅಂದರೆ ಅಲ್ಲಿ ನಿಮಗೂ ನನಗೂ ಇದ್ದ ಜಾಗ ಅದೊಂದೇ.

ಇದು ವಿಡಂಬನೆ, 'ಯುಟೋಪಿಯಾ' ಎಂದರೇ 'ಎಲ್ಲೂ ಇಲ್ಲದ ಊರು' ಎನ್ನುವವರಿದ್ದಾರೆ. ಇರಬಹುದು. ಆದರೆ ಅದರ ಹೆಸರು ಹಿಡಿದು ಕನಸು ಕಾಣುವವರು ನಗುತ್ತಾ ಕಾಣುವುದಿಲ್ಲ. ಒಳಗಿನವರಿಗೆ ಸಮಾನತೆ, ಬಾಗಿಲಲ್ಲಿ ಕಾವಲು ಎಂಬ ಸೂತ್ರ ಇಂದಿಗೂ ಜೀವಂತವಾಗಿದೆ.

ಮುಂಬಯಿಯಲ್ಲಿ 1966ರಲ್ಲಿ ಹುಟ್ಟಿದ ಶಿವಸೇನೆ 'ದಕ್ಷಿಣದವರು ನಮ್ಮ ಕೆಲಸ ಕಸಿದರು' ಎಂದಾಗ ಆ ದಕ್ಷಿಣದವರಲ್ಲಿ ಕನ್ನಡಿಗರೂ ಇದ್ದರು. 2024ರ ಜುಲೈನಲ್ಲಿ ಕರ್ನಾಟಕದ ಸಚಿವ ಸಂಪುಟ ಖಾಸಗಿ ಕಂಪನಿಗಳ ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಸ್ಥಳೀಯರಿಗೆಂದು ಮಸೂದೆ ಒಪ್ಪಿತು, ವಿರೋಧ ಬಂದಾಗ ತಡೆಹಿಡಿಯಿತು. ಅಲ್ಲಿ ಪೆಟ್ಟು ತಿಂದವರ ಮಕ್ಕಳು ಇಲ್ಲಿ ಚಪ್ಪಾಳೆ ತಟ್ಟಿದರೆ ಯಾವ ಬಾಯಲ್ಲಿ ನ್ಯಾಯ ಕೇಳುವುದು?

ಊರಿನ ಹುಡುಗರಿಗೆ ಕೆಲಸವಿಲ್ಲ ಎಂಬ ನೋವು ಸುಳ್ಳಲ್ಲ. ಅದಕ್ಕೆ ಒಳ್ಳೆಯ ಶಾಲೆ ಬೇಕು, ಕಸುಬಿನ ತರಬೇತಿ ಬೇಕು, ಬಂದವರಿಗೆ ಕನ್ನಡ ಕಲಿಸುವ ವ್ಯವಸ್ಥೆ ಬೇಕು. ಇವೆಲ್ಲ ದುಡ್ಡು ಮತ್ತು ವರ್ಷಗಳನ್ನು ಕೇಳುತ್ತವೆ. ಬೇಲಿಗೆ ಒಂದು ಮಸೂದೆ ಸಾಕು. ಸರ್ಕಾರಗಳಿಗೆ ಬೇಲಿ ಇಷ್ಟವಾಗುವುದು ಅದಕ್ಕೇ.

ನಮ್ಮ ಸಂವಿಧಾನದ 19ನೇ ವಿಧಿ ದೇಶದ ಯಾವ ಮೂಲೆಗಾದರೂ ಹೋಗುವ, ಅಲ್ಲಿ ನೆಲೆಸುವ ಹಕ್ಕು ಕೊಟ್ಟಿದೆ. ಅಧಿಪತಿಯ ಪತ್ರ ಕೇಳುವುದಿಲ್ಲ. ಮೋರ್ ಕಟ್ಟಿದ ದ್ವೀಪಕ್ಕಿಂತ ಈ ಗದ್ದಲದ, ಅರೆಬರೆ ದೇಶ ದೊಡ್ಡದಾಗಿರುವುದು ಆ ಒಂದು ವಿಧಿಯಿಂದ. ಪುಣೆಯಲ್ಲೋ ಚೆನ್ನೈಯಲ್ಲೋ ಕೂತು ಇದನ್ನು ಓದುತ್ತಿರುವ ನಾವು ಅದನ್ನು ಕಾಯದಿದ್ದರೆ ಇನ್ನಾರು ಕಾಯಬೇಕು?